ಮೊದಲು ಯಾವ ಯಂತ್ರ?

ನಮ್ಮ ಊರಿನ ವಾಚನಾಲಯದ ಹಿಂದಿನ ಕೋಣೆಯಲ್ಲಿ ಹನ್ನೆರಡು ಕಂಪ್ಯೂಟರುಗಳಿವೆ. ಒಂದೂ ಹೊಸದಲ್ಲ. ಹನ್ನೊಂದು ಯಂತ್ರಗಳು ಬೆಂಗಳೂರಿನ ಕಚೇರಿಗಳಲ್ಲಿ ಆರೇಳು ವರ್ಷ ದುಡಿದು, ಅಲ್ಲಿಗೆ ಬೇಡವಾದ ಮೇಲೆ, ಅಲ್ಲೇ ನೌಕರಿಯಲ್ಲಿರುವ ನಮ್ಮೂರ ಹುಡುಗರ ದೆಸೆಯಿಂದ ಅಡಕೆ ಇಳಿಸಿ ವಾಪಸಾಗುವ ಲಾರಿಯಲ್ಲಿ ಬಂದವು. ಹನ್ನೆರಡನೆಯದು ಒಬ್ಬ ವೈದ್ಯರ ಮನೆಯ ಅಟ್ಟದಿಂದ ಇಳಿದದ್ದು, ಎಲ್ಲಕ್ಕಿಂತ ಮುದಿ. ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆರೆದರೆ ವಿದ್ಯಾರ್ಥಿವೇತನದ ಅರ್ಜಿ ತುಂಬುವ ಮಕ್ಕಳು, ಪಹಣಿ ತೆಗೆಸಿಕೊಳ್ಳುವ ರೈತರು, ಲೈಸೆನ್ಸ್ ನವೀಕರಣಕ್ಕೆಂದು ಬಂದ ಲಾರಿ ಚಾಲಕರು, ಗಲ್ಫಿನಲ್ಲಿರುವ ಮಗನ ಮುಖವನ್ನು ಸ್ವಲ್ಪ ದೊಡ್ಡ ಪರದೆಯಲ್ಲಿ ನೋಡಬೇಕೆನ್ನುವ ತಾಯಂದಿರು ಬರುತ್ತಾರೆ. ಯಾರೂ ಹಣ ಕೊಡಬೇಕಿಲ್ಲ. ಬಾಗಿಲ ಬಳಿಯ ಪುಸ್ತಕದಲ್ಲಿ ಹೆಸರು ಬರೆದರೆ ಸಾಕು. ಆ ಪುಸ್ತಕದಲ್ಲಿ ಎಲ್ಲ ಜಾತಿಯ, ಎಲ್ಲ ಮತದ ಹೆಸರುಗಳಿವೆ.

ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಾ, ಬಿಡುವಿನಲ್ಲಿ ಕಥೆ ಬರೆಯುವ ನನಗೆ ಈ ಕೋಣೆಯ ನಂಟು ಬಂದದ್ದು ಕೀಲಿಮಣೆಯಿಂದ. ಐದನೆಯ ತರಗತಿಯವರೆಗೆ ಉರ್ದು ಶಾಲೆ, ಆಮೇಲೆ ಕನ್ನಡ ಶಾಲೆ ಕಂಡವನು ನಾನು. ಕನ್ನಡ, ಉರ್ದು ಎರಡನ್ನೂ ಟೈಪು ಮಾಡಬಲ್ಲವರು ಸಮಿತಿಯಲ್ಲಿ ಬೇರೆ ಯಾರೂ ಇರಲಿಲ್ಲವಾಗಿ ಉಸ್ತುವಾರಿ ನನ್ನ ಪಾಲಿಗೆ ಬಂತು. ಯಂತ್ರದ ಒಳಗಿನ ಕೆಲಸಕ್ಕೆ ಡಿಪ್ಲೊಮಾ ಮುಗಿಸಿದ ಒಬ್ಬ ಹುಡುಗನಿದ್ದಾನೆ, ನನ್ನ ಹಳೆಯ ವಿದ್ಯಾರ್ಥಿ. 2025ರ ಜನವರಿಯಲ್ಲಿ ಈ ಕೋಣೆಯಲ್ಲಿ ಒಂದು ವಾದ ನಡೆಯಿತು. ವಿಷಯ ಕೇಳಲು ಚಿಕ್ಕದು. ಹನ್ನೆರಡು ಯಂತ್ರಗಳ ಕರ್ನೆಲ್ ಹೊಸದು ಮಾಡಬೇಕು, ಹೇಗೆ ಮಾಡುವುದು? ಆದರೆ ಆ ವಾದ ಕಂಪ್ಯೂಟರಿನಲ್ಲಿ ಮುಗಿಯುವಂಥದ್ದಾಗಿರಲಿಲ್ಲ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಕರ್ನೆಲ್ ಎಂದರೆ ತಿರುಳು. ಉರ್ದುವಿನಲ್ಲಿ ಇದಕ್ಕೆ ‘ಮಗ್ಜ್’ ಎನ್ನಬಹುದು. ಬಾದಾಮಿಯ ಸಿಪ್ಪೆಯೊಳಗಿನ ಬೀಜವೂ ಮಗ್ಜ್, ತಲೆಯೊಳಗಿನ ಮಿದುಳೂ ಮಗ್ಜ್. ಕಂಪ್ಯೂಟರಿನ ಕರ್ನೆಲ್ ಈ ಎರಡೂ ಅರ್ಥಕ್ಕೆ ಒಪ್ಪುತ್ತದೆ. ನಾವು ಪರದೆಯ ಮೇಲೆ ಕಾಣುವ ಕಿಟಕಿ, ಚಿತ್ರ, ಅಕ್ಷರಗಳೆಲ್ಲ ಹೊರಗಿನ ಸಿಪ್ಪೆ. ಒಳಗೆ ಕುಳಿತು ಯಾವ ಕೆಲಸಕ್ಕೆ ಎಷ್ಟು ಸ್ಮೃತಿ, ಯಾರಿಗೆ ಎಷ್ಟು ಹೊತ್ತು ಪ್ರೊಸೆಸರ್, ಯಾವ ಕಡತ ಯಾರು ಓದಬಹುದು, ಯಾರು ಓದಬಾರದು ಎಂದು ನಿರ್ಧರಿಸುವುದು ಕರ್ನೆಲ್.

ಮದುವೆಯ ಅಡುಗೆ ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಪಂಕ್ತಿಯಲ್ಲಿ ಕುಳಿತವರಿಗೆ ಬಡಿಸುವ ಹುಡುಗರು ಕಾಣುತ್ತಾರೆ, ಒಲೆಯ ಬಳಿ ನಿಂತ ಬಾವರ್ಚಿ ಕಾಣುವುದಿಲ್ಲ. ಯಾವ ದೇಗಿಗೆ ಎಷ್ಟು ಬೆಂಕಿ, ಮಾಂಸ ಎಷ್ಟು ಹೊತ್ತಿಗೆ ಇಳಿಯಬೇಕು, ಯಾವ ತಟ್ಟೆ ಯಾವ ಸಾಲಿಗೆ ಹೋಗಬೇಕು ಎಲ್ಲವೂ ಅವನ ಕೈಯಲ್ಲಿ. ಬಡಿಸುವ ಹುಡುಗ ಜಾರಿ ಬಿದ್ದರೆ ಒಂದು ಸಾಲಿಗೆ ಊಟ ತಡವಾಗುತ್ತದೆ. ಬಾವರ್ಚಿ ಬಿದ್ದರೆ ಮದುವೆಯೇ ನಿಲ್ಲುತ್ತದೆ. ಟೈಪು ಮಾಡುವ ತಂತ್ರಾಂಶ ಕೆಟ್ಟರೆ ಅದೊಂದು ಮುಚ್ಚಿಕೊಳ್ಳುತ್ತದೆ, ಕರ್ನೆಲ್ ಕೆಟ್ಟರೆ ಇಡೀ ಯಂತ್ರ ನಿಲ್ಲುತ್ತದೆ. ಆದ್ದರಿಂದಲೇ ಅದನ್ನು ಬದಲಾಯಿಸುವುದೆಂದರೆ ಎಲ್ಲರಿಗೂ ಭಯ.

ನಮ್ಮ ಯಂತ್ರಗಳಲ್ಲಿ ಇರುವುದು ಲಿನಕ್ಸ್ ಕರ್ನೆಲ್. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 21 ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತನ್ನ ಖುಷಿಗೆಂದು ಬರೆಯತೊಡಗಿದ್ದು ಅದು. ಮೊದಲ ಆವೃತ್ತಿ ಸುಮಾರು ಹತ್ತು ಸಾವಿರ ಸಾಲು. ಇಂದು ಮೂರು ಕೋಟಿ ಸಾಲು ದಾಟಿದೆ. ಒಂಬತ್ತು ಹತ್ತು ವಾರಕ್ಕೊಮ್ಮೆ ಹೊಸ ಆವೃತ್ತಿ ಬರುತ್ತದೆ. ಆಂಡ್ರಾಯ್ಡ್ ಫೋನುಗಳ ಒಳಗಿರುವುದೂ ಇದೇ. 2017ರ ನವೆಂಬರಿನಿಂದ ಜಗತ್ತಿನ ಅತಿ ವೇಗದ 500 ಕಂಪ್ಯೂಟರುಗಳ ಪಟ್ಟಿಯಲ್ಲಿರುವ ಎಲ್ಲವೂ ಇದರ ಮೇಲೆಯೇ ನಡೆಯುತ್ತಿವೆ. ಅಂಥದ್ದು ನಮ್ಮ ವಾಚನಾಲಯಕ್ಕೆ ಬಂದದ್ದು ದೊಡ್ಡ ಕಾರಣಕ್ಕಲ್ಲ. ಇದಕ್ಕೆ ಲೈಸೆನ್ಸಿನ ಹಣವಿಲ್ಲ. 2023ರಲ್ಲಿ ಡೆಬಿಯನ್ ಎಂಬ ಸ್ವಯಂಸೇವಕರ ಬಳಗ ಹೊರತಂದ 12ನೆಯ ಆವೃತ್ತಿಯನ್ನು ಹಾಕಿಸಿದೆವು. ಅದರಲ್ಲಿದ್ದದ್ದು 6.1 ಸರಣಿಯ ಕರ್ನೆಲ್. ಆಮೇಲೆ ಒಂದೂವರೆ ವರ್ಷ ಅದನ್ನು ಯಾರೂ ಮುಟ್ಟಲಿಲ್ಲ. ಸಮಿತಿಯ ತೀರ್ಮಾನವೇ ಹಾಗಿತ್ತು.

ತೀರ್ಮಾನದ ಹಿಂದೆ ಇದ್ದವರು ನಮ್ಮ ಕಾರ್ಯದರ್ಶಿ ಹಾಜಿ ಸಾಹೇಬರು. ಅಡಕೆ ವ್ಯಾಪಾರದಲ್ಲಿ ನಲವತ್ತು ವರ್ಷ ಕಳೆದವರು. “ಚಲ್‌ರಾಸೋ ಚೀಜ್‌ಕು ಹಾತ್ ನಕ್ಕೊ ಲಗಾವೊ, ಮಾಸ್ಟರ್ ಸಾಬ್” ಎನ್ನುವುದು ಅವರ ಮಾತು. ನಡೆಯುತ್ತಿರುವುದಕ್ಕೆ ಕೈ ಹಚ್ಚಬೇಡಿ ಎಂದು. ಇದನ್ನು ಮುದುಕರ ಹಟ ಎಂದು ತಳ್ಳಿಹಾಕುವಂತಿಲ್ಲ. ಹಿಂದೊಮ್ಮೆ ಅಡಕೆ ಸುಗ್ಗಿಯಲ್ಲೇ ಅವರ ಮಂಡಿಯ ಲೆಕ್ಕದ ಕಂಪ್ಯೂಟರನ್ನು ಯಾರೋ ಬಂದು ‘ಹೊಸದು’ ಮಾಡಿ ಹೋದರಂತೆ. ಎಂಟು ದಿನ ಒಂದು ಬಿಲ್ಲೂ ಹೊರಬರಲಿಲ್ಲ. ಚೀಲಗಳ ಮುಂದೆ ಕಾದು ನಿಂತ ರೈತರಿಗೆ ಅವರು ಕೈಯಲ್ಲಿ ಚೀಟಿ ಬರೆದು ಕೊಟ್ಟರು. ಹೊಸದು ಮಾಡಿದವನು ಮಾತ್ರ ಫೋನ್ ಎತ್ತಲಿಲ್ಲ. ಬದಲಾವಣೆಯ ಲಾಭ ಹೇಳುವವನೊಬ್ಬ, ಅದರ ನಷ್ಟ ಹೊರುವವನು ಇನ್ನೊಬ್ಬ ಎಂಬುದನ್ನು ಅವರು ಅನುಭವದಿಂದ ಕಲಿತಿದ್ದರು.

ಡಿಪ್ಲೊಮಾ ಹುಡುಗ ಇನ್ನೊಂದು ತುದಿ. “ಸರ್, ಒಂದೇ ಆಜ್ಞೆ. ನನ್ನ ಲ್ಯಾಪ್‌ಟಾಪಿನಲ್ಲಿ ಕೂತು ಹನ್ನೆರಡಕ್ಕೂ ಒಟ್ಟಿಗೆ ಕಳಿಸ್ತೀನಿ. ರಾತ್ರಿ ಹಾಕಿದರೆ ಬೆಳಿಗ್ಗೆ ಎಲ್ಲ ಹೊಸದು” ಎಂದ. ಅವನ ಮಾತೂ ಸುಳ್ಳಲ್ಲ. ಒಂದು ಯಂತ್ರದಿಂದ ಹನ್ನೆರಡಕ್ಕೆ ಏನು, ಹನ್ನೆರಡು ಸಾವಿರಕ್ಕೂ ಹಾಗೆ ಆಜ್ಞೆ ಕಳಿಸುವ ಸಾಧನಗಳಿವೆ, ಅವಕ್ಕೂ ಹಣ ಕೊಡಬೇಕಿಲ್ಲ. ಆದರೆ ಅವನ ಮಾತಿನ ಕೊನೆಯ ಭಾಗವನ್ನು ಇನ್ನೊಮ್ಮೆ ಓದಿ. ಕರ್ನೆಲ್ ಎಂಬುದು ಹಾಕಿದ ಕೂಡಲೇ ಬದಲಾಗುವುದಿಲ್ಲ. ಹೊಸದು ಡಿಸ್ಕಿಗೆ ಬಂದು ಕೂರುತ್ತದೆ, ಯಂತ್ರ ಮಾತ್ರ ಹಳೆಯದರ ಮೇಲೆಯೇ ನಡೆಯುತ್ತಿರುತ್ತದೆ. ಆರಿಸಿ ಮತ್ತೆ ಹಚ್ಚಿದಾಗ ಹೊಸದು ಕೆಲಸ ಹಿಡಿಯುತ್ತದೆ. ಆರಿಸದೆ ಬದಲಾಯಿಸುವ ದಾರಿಯೂ 2015ರಲ್ಲಿ ಲಿನಕ್ಸಿನ 4.0 ಆವೃತ್ತಿಯೊಳಗೆ ಸೇರಿತು. ಆದರೆ ಅದು ಸಣ್ಣ ತೇಪೆಗಳಿಗೆ ಮಾತ್ರ, ಹೆಚ್ಚಾಗಿ ನಿಲ್ಲಿಸಲಾಗದ ದೊಡ್ಡ ಯಂತ್ರಗಳಿಗೆ. ನಾವು ಪ್ರತಿ ಸಂಜೆ ಆರಿಸಿ ಹೋಗುವವರು. ರಾತ್ರಿ ಹನ್ನೆರಡಕ್ಕೂ ಹಾಕಿದರೆ ಅದು ಸರಿಯೋ ತಪ್ಪೋ ಗೊತ್ತಾಗುವುದು ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ, ಬಾಗಿಲಲ್ಲಿ ಜನ ನಿಂತಿರುವಾಗ, ಹನ್ನೆರಡರಲ್ಲೂ ಒಮ್ಮೆಲೇ.

ಹಾಗಾದರೆ ಹಾಜಿ ಸಾಹೇಬರ ಮಾತೇ ಸರಿಯೇ? ಮುಟ್ಟದೆ ಇದ್ದರೆ ಯಾರಿಗೇನು ನಷ್ಟ?

2016ರ ಅಕ್ಟೋಬರಿನಲ್ಲಿ ಲಿನಕ್ಸ್ ಕರ್ನೆಲ್ಲಿನ ಒಂದು ದೋಷ ಬೆಳಕಿಗೆ ಬಂತು. ‘ಡರ್ಟಿ ಕೌ’ ಎಂದು ಅದಕ್ಕೆ ಹೆಸರಿಟ್ಟರು. ಯಂತ್ರದ ಮುಂದೆ ಕುಳಿತ ಸಾಮಾನ್ಯ ಬಳಕೆದಾರ, ಓದಲು ಮಾತ್ರ ಅನುಮತಿಯಿರುವ ಕಡತದ ಮೇಲೆ ಬರೆದು, ಇಡೀ ಯಂತ್ರದ ಯಜಮಾನನಾಗಿಬಿಡಬಹುದಾಗಿತ್ತು. ಆ ದೋಷ ಒಳಗೆ ಸೇರಿದ್ದು 2007ರಲ್ಲಿ. ಒಂಬತ್ತು ವರ್ಷ ಸಾವಿರಾರು ಜಾಣರ ಕಣ್ಣು ತಪ್ಪಿಸಿ ಕುಳಿತಿತ್ತು. ನಮ್ಮಂಥ ಕೋಣೆಗೆ ಇಂಥ ದೋಷ ಎಷ್ಟು ಅಪಾಯ ಎಂಬುದನ್ನು ಯೋಚಿಸಿ. ಇಲ್ಲಿ ಯಾರು ಬೇಕಾದರೂ ಬಂದು ಕೂರಬಹುದು. ಹತ್ತು ಗಂಟೆಗೆ ಕೂತವನು ಯಜಮಾನನಾಗಿ ಏನನ್ನಾದರೂ ಬಚ್ಚಿಟ್ಟು ಹೋದರೆ, ಹನ್ನೊಂದಕ್ಕೆ ಅದೇ ಕುರ್ಚಿಯಲ್ಲಿ ಕೂತು ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಬರೆಯುವ ಹೆಂಗಸಿಗೆ ಅದು ಗೊತ್ತಾಗುವುದೇ ಇಲ್ಲ. ಅವಳು ನಮ್ಮನ್ನು ನಂಬಿ ಬರೆದದ್ದು ಅಮಾನತ್. ಅದನ್ನು ಕಾಯುವುದು ನಮ್ಮ ಕೆಲಸ.

ಇನ್ನೂ ಒಂದು ವಿಚಿತ್ರವಿದೆ. ದೋಷಕ್ಕೆ ಪರಿಹಾರ ಪ್ರಕಟವಾದ ದಿನವೇ ದೋಷವೂ ಪ್ರಕಟವಾದ ಹಾಗೆ. ಯಾವ ಸಾಲು ತಿದ್ದಿದ್ದಾರೆ ಎಂಬುದನ್ನು ಕಳ್ಳನೂ ಓದುತ್ತಾನೆ. ತಿದ್ದಿಕೊಂಡವನು ಉಳಿಯುತ್ತಾನೆ, ತಿದ್ದಿಕೊಳ್ಳದವನ ಮನೆಯ ಬಾಗಿಲು ಎಲ್ಲಿ ಸಡಿಲ ಎಂಬುದು ಊರಿಗೆಲ್ಲ ಗೊತ್ತಾಗುತ್ತದೆ. 2017ರಲ್ಲಿ ಆದದ್ದು ಇದೇ. ವಿಂಡೋಸ್ ಯಂತ್ರಗಳು ಪರಸ್ಪರ ಕಡತ ಹಂಚಿಕೊಳ್ಳುವ ವ್ಯವಸ್ಥೆಯಲ್ಲಿ, ಕರ್ನೆಲ್ಲಿನ ಮಟ್ಟದಲ್ಲೇ ಒಂದು ದೋಷವಿತ್ತು. ಮೈಕ್ರೋಸಾಫ್ಟ್ ಮಾರ್ಚ್ 14ರಂದು ಪರಿಹಾರ ಕೊಟ್ಟಿತು. ಮೇ 12ರಂದು ‘ವಾನಾಕ್ರೈ’ ಹುಳು ಹರಡಿತು. ಕಡತಗಳನ್ನೆಲ್ಲ ಬೀಗ ಹಾಕಿ ಹಣ ಕೇಳುವ ಹುಳು. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳಿಗೆ ತಗುಲಿತು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯ 236 ಟ್ರಸ್ಟುಗಳಲ್ಲಿ ಕನಿಷ್ಠ 80ಕ್ಕೆ ಬಿಸಿ ಮುಟ್ಟಿತು. ರೋಗಿಗಳಿಗೆ ಕೊಟ್ಟಿದ್ದ ಹತ್ತೊಂಬತ್ತು ಸಾವಿರಕ್ಕೂ ಹೆಚ್ಚು ಭೇಟಿಗಳು ರದ್ದಾದವೆಂದು ಆಮೇಲೆ ಅಂದಾಜಾಯಿತು. ಪರಿಹಾರ ಎರಡು ತಿಂಗಳಿಂದ ಬಾಗಿಲಲ್ಲಿ ನಿಂತಿತ್ತು. ಹಾಕಿಕೊಂಡಿರಲಿಲ್ಲ, ಅಷ್ಟೆ. ಆ ಹುಳು ಒಂದು ಯಂತ್ರದಿಂದ ಪಕ್ಕದ ಯಂತ್ರಕ್ಕೆ ತಾನಾಗಿಯೇ ಹಾಯುವಂಥದ್ದು. ನನ್ನ ಯಂತ್ರ ನನ್ನಿಷ್ಟ ಎನ್ನುವಂತಿಲ್ಲ. ನನ್ನ ಮನೆಯ ಕೊಳಚೆ ನೆರೆಮನೆಯ ಬಾವಿಗೆ ಇಳಿಯುತ್ತದೆ.

ಇದನ್ನೆಲ್ಲ ಸಮಿತಿಯ ಸಭೆಯಲ್ಲಿ ಹೇಳಿದೆ. ಹುಡುಗನ ಮುಖ ಅರಳಿತು. “ಹಾಗಾದರೆ ಇವತ್ತು ರಾತ್ರಿಯೇ ಎಲ್ಲಕ್ಕೂ ಹಾಕಲೇ ಸರ್?” ಎಂದ. ಆಗ ಅವನಿಗೆ 2024ರ ಜುಲೈ 19 ನೆನಪಿಸಬೇಕಾಯಿತು.

ಅಂದು ಶುಕ್ರವಾರ. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9 ಗಂಟೆ 39 ನಿಮಿಷ. ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಕಂಪನಿ ತನ್ನ ಗಿರಾಕಿಗಳ ಯಂತ್ರಗಳಿಗೆ ಒಂದು ಸಣ್ಣ ಕಡತ ಕಳಿಸಿತು. ಕಂಪ್ಯೂಟರನ್ನು ಕಳ್ಳರಿಂದ ಕಾಯುವುದು ಆ ಕಂಪನಿಯ ಕಸುಬು. ಕಾವಲುಗಾರ ಚೆನ್ನಾಗಿ ಕಾಯಬೇಕಾದರೆ ಒಳಮನೆಯಲ್ಲೇ ಇರಬೇಕು ಎಂದು ಅದರ ತಂತ್ರಾಂಶದ ಒಂದು ಭಾಗ ವಿಂಡೋಸಿನ ಕರ್ನೆಲ್ಲಿನೊಳಗೇ ಕೂರುತ್ತದೆ. ಅಂದು ಬಂದದ್ದು ಕರ್ನೆಲ್ ಅಲ್ಲ, ಕರ್ನೆಲ್ಲಿನೊಳಗೆ ಕುಳಿತವನು ಓದಬೇಕಾದ ಕಡತ. ಆ ಕಡತ 21 ಸಂಗತಿಗಳನ್ನು ನೋಡು ಎಂದಿತು, ಓದುವವನ ಕೈಯಲ್ಲಿ ಇದ್ದದ್ದು 20. ಇಪ್ಪತ್ತೊಂದನೆಯದನ್ನು ಹುಡುಕಲು ಇಲ್ಲದ ಜಾಗಕ್ಕೆ ಕೈ ಹಾಕಿದ. ಹೊರಗಿನವನು ಹಾಗೆ ಮಾಡಿದ್ದರೆ ಅವನೊಬ್ಬ ಬೀಳುತ್ತಿದ್ದ. ಒಳಮನೆಯವನು ಬಿದ್ದದ್ದರಿಂದ ಮನೆಯೇ ಬಿತ್ತು. ಪರದೆಗಳು ನೀಲಿಯಾದವು. 78 ನಿಮಿಷದಲ್ಲಿ ಕಂಪನಿ ಕಡತವನ್ನು ಹಿಂತೆಗೆದುಕೊಂಡಿತು. ಅಷ್ಟರಲ್ಲಿ 85 ಲಕ್ಷ ಯಂತ್ರಗಳು ನಿಂತಿದ್ದವು ಎಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ಜಗತ್ತಿನ ವಿಂಡೋಸ್ ಯಂತ್ರಗಳಲ್ಲಿ ಅದು ನೂರಕ್ಕೆ ಒಂದಕ್ಕಿಂತ ಕಡಿಮೆ. ಆದರೆ ಆ ಒಂದರಲ್ಲೇ ವಿಮಾನ ನಿಲ್ದಾಣ, ಆಸ್ಪತ್ರೆ, ಬ್ಯಾಂಕುಗಳಿದ್ದವು. ಭಾರತದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಟ್ಟರು.

ಕಡತ ಹಿಂತೆಗೆದುಕೊಂಡರೂ ಬಿದ್ದ ಯಂತ್ರ ಏಳಲಿಲ್ಲ. ಏಳದ ಯಂತ್ರ ದೂರದ ಆಜ್ಞೆಯನ್ನು ಕೇಳುವುದಾದರೂ ಹೇಗೆ? ಬಹುಪಾಲು ಯಂತ್ರಗಳ ಮುಂದೆ ಒಬ್ಬೊಬ್ಬ ಮನುಷ್ಯ ಕುಳಿತು, ಬೇರೆ ರೀತಿಯಲ್ಲಿ ಹಚ್ಚಿ, ಆ ಕಡತವನ್ನು ಕೈಯಾರೆ ಅಳಿಸಬೇಕಾಯಿತು. ಕೆಡಿಸಲು ನಿಮಿಷಗಳು ಸಾಕಾದವು, ಸರಿಪಡಿಸಲು ದಿನಗಳು ಹಿಡಿದವು. ತಪ್ಪು ಕಡತ ಬರೆಯುವುದು ಮನುಷ್ಯ ಸಹಜ. ಇಲ್ಲಿ ಅನಾಹುತವಾದದ್ದು ಅದನ್ನು ಎಲ್ಲರಿಗೂ ಒಟ್ಟಿಗೆ ಕಳಿಸಿದ್ದರಿಂದ. ಮೊದಲು ಕೆಲವು ಯಂತ್ರ, ಆಮೇಲೆ ಇನ್ನಷ್ಟು, ಕೊನೆಗೆ ಎಲ್ಲ ಎಂಬ ಕ್ರಮ ಇದ್ದಿದ್ದರೆ ಸುದ್ದಿ ಒಂದು ಕಟ್ಟಡದೊಳಗೇ ಮುಗಿಯುತ್ತಿತ್ತು. ಆ ಕಂಪನಿಯೂ ಆಮೇಲೆ ಅದೇ ಕ್ರಮಕ್ಕೆ ಬಂತು.

ಅಲ್ಲಿಗೆ ನಮ್ಮ ವಾದದ ಎರಡು ತುದಿಗಳೂ ಸವೆದು ನಡುವೆ ಬಂದವು. ಮುಟ್ಟಲೇಬೇಕು, ಆದರೆ ಸಾಲಾಗಿ ಮುಟ್ಟಬೇಕು. ಹುಡುಗ ಒಂದು ನೋಟ್‌ಬುಕ್ಕಿನಲ್ಲಿ ಹನ್ನೆರಡು ಯಂತ್ರಗಳ ಪಟ್ಟಿ ಮಾಡಿದ. ಯಾವುದು ಯಾವ ಕಂಪನಿಯದು, ಎಷ್ಟು ಸ್ಮೃತಿ, ಈಗ ಯಾವ ಕರ್ನೆಲ್ ನಡೆಯುತ್ತಿದೆ, ಡಿಸ್ಕಿನಲ್ಲಿ ಜಾಗವಿದೆಯೇ ಎಂದೆಲ್ಲ. ಈ ಕೊನೆಯದೂ ಮುಖ್ಯ. ಹೊಸ ಕರ್ನೆಲ್ ಬಂದಾಗ ಹಳೆಯದು ಅಳಿಯುವುದಿಲ್ಲ, ಪಕ್ಕದಲ್ಲೇ ಉಳಿಯುತ್ತದೆ. ಹಚ್ಚುವಾಗ ಒಂದು ಪಟ್ಟಿ ಬರುತ್ತದೆ. ಹೊಸದು ಕೈಕೊಟ್ಟರೆ ಅದರೊಳಗಿಂದ ಹಳೆಯದನ್ನು ಆರಿಸಿಕೊಂಡು ಕೆಲಸ ಮುಂದುವರಿಸಬಹುದು. ಈ ಏರ್ಪಾಡು ಮಾಡಿದವರ ಬಗ್ಗೆ ನನಗೆ ಬಹಳ ಗೌರವ. ತಮ್ಮ ಹೊಸ ಕೆಲಸದ ಮೇಲೆ ಅವರಿಗೆ ನಂಬಿಕೆಯಿದೆ, ಆದರೂ ಹಿಂದಿರುಗುವ ದಾರಿಯನ್ನು ಮುಚ್ಚಲಿಲ್ಲ. ನಾವು ಒಂದು ರಟ್ಟಿನ ಮೇಲೆ ಕನ್ನಡದಲ್ಲಿ, ಉರ್ದುವಿನಲ್ಲಿ ಬರೆದು ಗೋಡೆಗೆ ಅಂಟಿಸಿದೆವು: ಯಂತ್ರ ಏಳದಿದ್ದರೆ ಗಾಬರಿ ಬೇಡ, ಪಟ್ಟಿಯಲ್ಲಿ ಎರಡನೆಯ ಸಾಲು ತೆರೆದು ಹಳೆಯದನ್ನು ಆರಿಸಿ.

ಇನ್ನು ಉಳಿದದ್ದು ಒಂದೇ ಪ್ರಶ್ನೆ. ಮೊದಲು ಯಾವ ಯಂತ್ರ?

ಹುಡುಗನ ಉತ್ತರ ಸಿದ್ಧವಾಗಿತ್ತು. “ಹುಡುಗಿಯರ ಸಾಲಿನಲ್ಲಿ ಒಂದು ನೋಡೋಣ ಸರ್. ಅಲ್ಲಿ ಬರುವವರು ಕಡಿಮೆ.” ಕೋಣೆಯ ಆಚೆ ಬದಿಯಲ್ಲಿ, ಪುಸ್ತಕದ ಬೀರುವಿನ ಹಿಂದೆ ಮೂರು ಯಂತ್ರಗಳಿವೆ. ಮಧ್ಯಾಹ್ನ ಕಾಲೇಜಿನ ಹುಡುಗಿಯರು ಅಲ್ಲಿ ಕೂರುತ್ತಾರೆ. ಲೆಕ್ಕದ ಪ್ರಕಾರ ಅವನ ಮಾತು ಸರಿ. ಕಡಿಮೆ ಜನ ಇರುವಲ್ಲಿ ಪರೀಕ್ಷೆ ಮಾಡಿದರೆ ಕಡಿಮೆ ಜನಕ್ಕೆ ತೊಂದರೆ. ದೊಡ್ಡ ಕಂಪನಿಗಳೂ ಹೀಗೆಯೇ ಮಾಡುತ್ತವೆ, ಅದಕ್ಕೆ ಕ್ಯಾನರಿ ಎನ್ನುತ್ತವೆ. ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳಿಗೆ ಪಂಜರದಲ್ಲಿ ಕ್ಯಾನರಿ ಹಕ್ಕಿಯನ್ನು ಇಳಿಸುತ್ತಿದ್ದರು. ವಿಷಗಾಳಿ ಇದ್ದರೆ ಹಕ್ಕಿ ಮೊದಲು ಬೀಳುತ್ತದೆ, ಗಣಿಗಾರ ಓಡಿ ಬದುಕುತ್ತಾನೆ. 1986ರವರೆಗೂ ಅಲ್ಲಿ ಹಕ್ಕಿಗಳಿದ್ದವು. ಪದ ಚಂದವಾಗಿದೆ. ಆದರೆ ಹಕ್ಕಿಯನ್ನು ಯಾರೂ ಕೇಳಿರಲಿಲ್ಲ.

ಕಡಿಮೆ ಜನ ಇದ್ದಾರೆಂದರೆ ಕಡಿಮೆ ಅಗತ್ಯ ಇದೆ ಎಂದಲ್ಲ. ಗಂಡು ಹುಡುಗರಿಗೆ ಇಲ್ಲಿ ಯಂತ್ರ ಕೆಟ್ಟರೆ ಬಸ್‌ಸ್ಟ್ಯಾಂಡಿನ ಪಕ್ಕದ ಸೈಬರ್ ಸೆಂಟರಿಗೆ ಹೋಗುತ್ತಾರೆ. ಆ ಹುಡುಗಿಯರಲ್ಲಿ ಹಲವರಿಗೆ ಮನೆಯಿಂದ ಅನುಮತಿ ಇರುವುದು ವಾಚನಾಲಯಕ್ಕೆ ಮಾತ್ರ, ಅದೂ ನಾಲ್ಕು ಗಂಟೆಯವರೆಗೆ. ಆ ವಾರವೇ ವಿದ್ಯಾರ್ಥಿವೇತನದ ಕೊನೆಯ ದಿನವಿತ್ತು. ಪದವಿಯ ಮೊದಲ ವರ್ಷದ ಒಬ್ಬ ಹುಡುಗಿ ಮೂರು ದಿನದಿಂದ ಬಂದು ಕೂರುತ್ತಿದ್ದಳು. ಅರ್ಜಿಗೆ ಬೇಕಾದ ಒಟಿಪಿ ಬರುವುದು ತಂದೆಯ ಫೋನಿಗೆ, ತಂದೆ ಗೋವಾ ದಾರಿಯಲ್ಲಿ ಲಾರಿ ಓಡಿಸುವವರು. ಘಾಟಿಯಲ್ಲಿ ಸಿಗ್ನಲ್ ಇಲ್ಲ. ಅವರು ಎಲ್ಲೋ ಗಾಡಿ ನಿಲ್ಲಿಸಿ ಸಂಖ್ಯೆ ಹೇಳುವ ಹತ್ತು ನಿಮಿಷದಲ್ಲಿ ಇವಳ ಮುಂದಿನ ಯಂತ್ರ ನಡೆಯುತ್ತಿರಬೇಕು. ಆ ಹತ್ತು ನಿಮಿಷ ತಪ್ಪಿದರೆ ಒಂದು ವರ್ಷ ತಪ್ಪುತ್ತದೆ.

“ಮೊದಲು ಹಾಜಿ ಸಾಹೇಬರ ಮೇಜಿನ ಯಂತ್ರ” ಎಂದೆ.

ಸಭೆಯಲ್ಲಿ ಒಂದು ಕ್ಷಣ ಮೌನ. ಹುಡುಗ ತಾಂತ್ರಿಕ ತಕರಾರು ಎತ್ತಿದ. ಪರೀಕ್ಷೆಯ ಯಂತ್ರ ಉಳಿದವುಗಳನ್ನು ಹೋಲಬೇಕು. ಹಾಜಿ ಸಾಹೇಬರದ್ದು ಕೇಬಲಿನಿಂದ ಜಾಲಕ್ಕೆ ಸೇರಿದೆ. ಹುಡುಗಿಯರ ಸಾಲಿಗೆ ಕೇಬಲ್ ಮುಟ್ಟುವುದಿಲ್ಲ, ಅಲ್ಲಿರುವುದು ಯುಎಸ್‌ಬಿ ಕಿಂಡಿಗೆ ಚುಚ್ಚುವ ವೈಫೈ ತುಂಡು. ಅದನ್ನು ನಡೆಸುವ ಡ್ರೈವರ್ ಕರ್ನೆಲ್ಲಿನ ಜೊತೆ ಬಂದದ್ದಲ್ಲ, ಬೇರೆ ತಂದು ಸೇರಿಸಿದ್ದು. ಕೇಬಲಿನ ಮೇಲೆ ಪಾಸಾದದ್ದು ವೈಫೈ ಮೇಲೆ ಫೇಲಾಗಬಹುದು. ಈ ಮಾತು ನ್ಯಾಯವಾದದ್ದೇ. ಅದಕ್ಕೆ ಪರಿಹಾರವನ್ನೂ ಅವನೇ ಹುಡುಕಿದ. ಬೀರುವಿನಲ್ಲಿ ಅಂಥದ್ದೇ ಒಂದು ತುಂಡು ಮಿಕ್ಕಿತ್ತು. ಹಾಜಿ ಸಾಹೇಬರ ಯಂತ್ರದ ಕೇಬಲ್ ತೆಗೆದು ಅದನ್ನೇ ಚುಚ್ಚಿ, ಅದೇ ಡ್ರೈವರ್ ಸೇರಿಸಿದರೆ ಆಯಿತು, ಅಪಾಯವೆಲ್ಲ ಆ ಮೇಜಿಗೆ ಬರುತ್ತದೆ. ಹಾಜಿ ಸಾಹೇಬರು ಗಡ್ಡ ನೀವಿಕೊಂಡು, “ಅಂದರೆ ನಾನು ಹಕ್ಕಿ” ಎಂದರು. ಎಲ್ಲರೂ ನಕ್ಕರು. ಅವರು ಒಪ್ಪಿದರು.

ಕರೆಂಟ್ ಹೋದರೆ ಅರ್ಧಕ್ಕೆ ನಿಲ್ಲದಿರಲೆಂದು ಯುಪಿಎಸ್ ನೋಡಿಕೊಂಡು, ಸೋಮವಾರ ಸಂಜೆ ಒಂದೇ ಯಂತ್ರಕ್ಕೆ ಹೊಸ ಕರ್ನೆಲ್ ಹಾಕಿ, ಆರಿಸಿ ಹಚ್ಚಿದೆವು. ಯಂತ್ರ ಎದ್ದಿತು. ವೈಫೈ ಏಳಲಿಲ್ಲ. ಹಿಂದೆ ಡ್ರೈವರ್ ಸೇರಿಸಿ ಹೋದವರು ಅದನ್ನು ಆಗಿನ ಕರ್ನೆಲ್ಲಿಗೆ ಮಾತ್ರ ಹೊಲಿದಿದ್ದರು. ಅಂಗಿ ಬದಲಾದಾಗ ಗುಂಡಿ ಹಳೆಯ ಅಂಗಿಯಲ್ಲೇ ಉಳಿದುಬಿಟ್ಟಂತೆ. ಹಳೆಯ ಕರ್ನೆಲ್ ಆರಿಸಿ ಹಚ್ಚಿದರೆ ವೈಫೈ ಬರುತ್ತಿತ್ತು, ಆದರೆ ಕಾರಣ ಹುಡುಕಲು ಹೊಸದರಲ್ಲೇ ಇರಬೇಕಿತ್ತು. ಕರ್ನೆಲ್ ಬದಲಾದಾಗಲೆಲ್ಲ ಡ್ರೈವರ್ ತಾನೇ ಮತ್ತೆ ಹೊಲಿದುಕೊಳ್ಳುವ ಏರ್ಪಾಡು ಲಿನಕ್ಸಿನಲ್ಲಿದೆ. ಅದನ್ನು ಕೂರಿಸಲು ಹುಡುಗನಿಗೆ ಒಂದೂವರೆ ದಿನ ಹಿಡಿಯಿತು. ಅಷ್ಟು ಹೊತ್ತೂ ಹಾಜಿ ಸಾಹೇಬರು ವಾಚನಾಲಯದ ಲೆಕ್ಕವನ್ನು ಕಾಗದದ ಮೇಲೆ ಬರೆದರು. ಹೋಗಿ ಬರುವವರಿಗೆಲ್ಲ ತಮ್ಮ ನಿಂತ ಯಂತ್ರ ತೋರಿಸಿ ಗೊಣಗಿದರು.

ಮಂಗಳವಾರ ಮೂರೂವರೆಗೆ, ಬೀರುವಿನ ಹಿಂದೆ ಹಳೆಯ ಕರ್ನೆಲ್ಲಿನ ಮೇಲೆಯೇ ನಡೆಯುತ್ತಿದ್ದ ಯಂತ್ರದಲ್ಲಿ, ಆ ಹುಡುಗಿಯ ಅರ್ಜಿ ಹೋಯಿತು. ತಂದೆ ಗಾಡಿ ನಿಲ್ಲಿಸಿ ಹೇಳಿದ ಆರು ಅಂಕಿಗಳನ್ನು ಅವಳು ಗಟ್ಟಿಯಾಗಿ ಪುನರುಚ್ಚರಿಸಿದ್ದು ನನಗೆ ಕೇಳಿಸಿತು. ಪ್ರತಿಯನ್ನು ಮುದ್ರಿಸಿಕೊಂಡು, “ಬರ್ತೀನಿ ಸರ್” ಎಂದು ಹೋದಳು. ಹೊಸ ಕರ್ನೆಲ್ ಮೊದಲು ಅವಳ ಯಂತ್ರಕ್ಕೆ ಬರುವುದಿತ್ತೆಂಬುದು ಅವಳಿಗೆ ಗೊತ್ತಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ.

ಮುಂದಿನದು ಸರಳ. ಹಾಜಿ ಸಾಹೇಬರ ಯಂತ್ರವನ್ನು ಒಂದು ವಾರ ನೋಡಿದೆವು. ಆಮೇಲೆ ಮೂರು, ನಾಲ್ಕು ದಿನ ಬಿಟ್ಟು ಉಳಿದವು. ಹುಡುಗಿಯರ ಸಾಲು ಕೊನೆಯ ದಿನಾಂಕ ದಾಟಿದ ಮೇಲೆ. ಒಂದೇ ಯಂತ್ರ ಎಲ್ಲವನ್ನೂ ಒಮ್ಮೆ ಇಳಿಸಿಕೊಂಡು ಉಳಿದವಕ್ಕೆ ಹಂಚುವಂತೆ ಹುಡುಗ ಮಾಡಿದ್ದರಿಂದ ಇಂಟರ್ನೆಟ್ಟಿನ ಖರ್ಚೂ ಉಳಿಯಿತು. ಈಗ ತಿಂಗಳಿಗೊಮ್ಮೆ ಹೀಗೆ ನಡೆಯುತ್ತದೆ. ಕಟ್ಟಳೆ ಒಂದೇ: ಬದಲಾವಣೆಗೆ ಒಪ್ಪಿಗೆ ಕೊಟ್ಟವರ ಯಂತ್ರ ಮೊದಲು.

ಈ ಕಟ್ಟಳೆ ಕಂಪ್ಯೂಟರಿನ ಕೋಣೆಯ ಹೊರಗೆ ಎಷ್ಟು ಅಪರೂಪ ಎಂದು ಆಮೇಲೆ ಯೋಚಿಸಿದೆ. ಪಡಿತರ ಅಂಗಡಿಗೆ ಬೆರಳಚ್ಚಿನ ಯಂತ್ರ ಬಂದಾಗ ಮೊದಲು ಎಡವಿದವರು ಯಾರು? ಕಲ್ಲು ಹೊತ್ತು, ಅಡಕೆ ಸುಲಿದು ಬೆರಳ ಗೆರೆ ಸವೆದವರು. ಯಂತ್ರ ಗುರುತಿಸದಿದ್ದರೆ ಹಳೆಯ ರಿಜಿಸ್ಟರಿಗೆ ಹಿಂದಿರುಗುವ ಎರಡನೆಯ ಸಾಲು ಅವರ ಮುಂದೆ ಸುಲಭವಾಗಿ ತೆರೆಯಲಿಲ್ಲ. ನಾಳೆ ಬಾ ಎಂದರು. ನಮ್ಮ ಮನೆ, ಮೊಹಲ್ಲಾಗಳೇನೂ ಇದಕ್ಕೆ ಹೊರತಲ್ಲ. ಹೊಸ ಶಿಸ್ತು ಬರಬೇಕೆಂದರೆ ಹೆಣ್ಣುಮಕ್ಕಳಿಂದ ಶುರು, ಖರ್ಚು ಕಡಿಮೆ ಮಾಡಬೇಕೆಂದರೆ ಹೆಣ್ಣುಮಕ್ಕಳ ಓದಿನಿಂದ ಶುರು. ಬದಲಾವಣೆ ಬೇಡವೆನ್ನುವವರೂ, ಒಂದೇ ರಾತ್ರಿಯಲ್ಲಿ ಬೇಕೆನ್ನುವವರೂ ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಮೊದಲು ನನ್ನಿಂದ ಆಗಲಿ, ಕೆಟ್ಟರೆ ನನ್ನದು ಕೆಡಲಿ, ಹಿಂದಿರುಗುವ ದಾರಿ ತೆರೆದಿರಲಿ ಎನ್ನುವವರು ಕಡಿಮೆ.

ಬಡವನ ಯಂತ್ರಕ್ಕೆ ಇನ್ನೊಂದು ಸಂಕಟವೂ ಇದೆ. ಬೇಕೆಂದರೂ ಹೊಸದು ಸಿಗದಿರುವುದು. ಅಗ್ಗದ ಆಂಡ್ರಾಯ್ಡ್ ಫೋನುಗಳಿಗೆ ಎರಡು ಮೂರು ವರ್ಷದಲ್ಲೇ ನವೀಕರಣ ನಿಲ್ಲುತ್ತದೆ, ಫೋನು ಮಾತ್ರ ತಂದೆಯಿಂದ ಮಗನಿಗೆ, ಮಗನಿಂದ ತಂಗಿಗೆ ದಾಟುತ್ತಿರುತ್ತದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ನಿಂತಿತು. ಮುಂದಿನ ಆವೃತ್ತಿಗೆ ಬೇಕಾದ ಭದ್ರತಾ ಚಿಪ್ಪು, ಹೊಸ ಪ್ರೊಸೆಸರ್ ಇಲ್ಲದ ಯಂತ್ರಗಳು ಚೆನ್ನಾಗಿ ನಡೆಯುತ್ತಿದ್ದರೂ ಮುದಿಯಾದವು. ನಮ್ಮ ಹನ್ನೊಂದು ಯಂತ್ರಗಳು ಲಿನಕ್ಸಿನಿಂದಾ��ಿ ಆ ಗತಿಯಿಂದ ಪಾರಾದವು. 2025ರ ಆಗಸ್ಟಿನಲ್ಲಿ ಡೆಬಿಯನ್ 13 ಬಂತು, ಅದರ ಜೊತೆ 6.12 ಸರಣಿಯ ಕರ್ನೆಲ್. ಅದೇ ಕ್ರಮದಲ್ಲಿ, ಹಾಜಿ ಸಾಹೇಬರ ಮೇಜಿನಿಂದ ಶುರುಮಾಡಿ, ಹನ್ನೊಂದಕ್ಕೂ ಹಾಕಿದೆವು.

ಹನ್ನೆರಡನೆಯದಕ್ಕೆ ಆಗಲಿಲ್ಲ. ವೈದ್ಯರ ಅಟ್ಟದ ಆ ಯಂತ್ರ 32 ಬಿಟ್ಟಿನದು. ಅಂಥ ಪ್ರೊಸೆಸರುಗಳಿಗೆ ಡೆಬಿಯನ್ 13ರಲ್ಲಿ ಕರ್ನೆಲ್ಲೇ ಇಲ್ಲ. ಗುಜರಿಗೆ ಕೊಡೋಣ ಎಂದ ಹುಡುಗ. ಬೇಡವೆಂದು, ಅದರ ಜಾಲದ ಕೇಬಲನ್ನು ಕಿತ್ತು ಕಿಟಕಿಯ ಬಳಿ ಇಟ್ಟೆವು. ಹೊರಗಿನ ಹುಳು ಜಾಲದ ಮೂಲಕ ಇನ್ನು ಅದನ್ನು ಮುಟ್ಟಲಾರದು, ಅದರಿಂದ ನೆರೆಯ ಯಂತ್ರಕ್ಕೆ ಹಾಯಲಾರದು. ಈಗ ಅದರ ಮುಂದೆ ದಿನವೂ ಹನ್ನೊಂದರಿಂದ ಒಂದು ಗಂಟೆಯವರೆಗೆ ನಿವೃತ್ತ ಉರ್ದು ಮೇಷ್ಟ್ರೊಬ್ಬರು ಕೂತು ತಮ್ಮ ಶಾಲಾ ದಿನಗಳ ನೆನಪನ್ನು ಟೈಪು ಮಾಡುತ್ತಾರೆ. ನಾನು ಅಲಿಫ್, ಬೇ ಕಲಿತದ್ದು ಅವರಿಂದಲೇ. ಇಂಟರ್ನೆಟ್ ಇಲ್ಲವಲ್ಲ ಉಸ್ತಾದ್, ಬೇಸರವಾಗುವುದಿಲ್ಲವೇ ಎಂದು ಒಮ್ಮೆ ಕೇಳಿದೆ. ಕೀಲಿಮಣೆಯಿಂದ ಕಣ್ಣೆತ್ತದೆ, ನಡುವೆ ಮಾತಾಡಿಸದ ಯಂತ್ರ ಇಡೀ ಊರಿನಲ್ಲಿ ಇದೊಂದೇ ಮಗಾ ಎಂದರು.